ಯಾವ ಗಾಜು ಮೊದಲು?

ಜೀಡಿಮೆಟ್ಲಾದಂಥ ಕೈಗಾರಿಕಾ ಪ್ರದೇಶದಲ್ಲಿ ಗೋದಾಮು, ಪ್ಯಾಕಿಂಗ್ ಶೆಡ್ಡುಗಳ ಬಾಗಿಲಿಗೆ ಪಿವಿಸಿ ಪಟ್ಟಿಗಳ ಪರದೆ ಇಳಿಬಿಟ್ಟಿರುತ್ತಾರೆ. ಅಂಗೈಗಿಂತ ಅಗಲವಾದ, ಬಳಸಿ ಬಳಸಿ ತುಸು ಹಳದಿಗೆ ತಿರುಗಿದ ಪಾರದರ್ಶಕ ಪಟ್ಟಿಗಳು. ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಏರಿರುತ್ತದೆ. ಧೂಳು, ನೊಣ ಒಳಗೆ ನುಗ್ಗುವುದಿಲ್ಲ, ಟ್ರಾಲಿ ತಳ್ಳಿಕೊಂಡು ಬರುವವನಿಗೆ ಆಚೆ ಯಾರು ನಿಂತಿದ್ದಾರೆಂಬುದೂ ಕಾಣುತ್ತದೆ. ಇದೇ ಶೆಡ್ಡನ್ನು ಕಂಪ್ಯೂಟರಿನ ವರ್ಚುವಲ್ ಜಗತ್ತಿನಲ್ಲಿ ಕಟ್ಟಲು ಕೂತರೆ ಗೋಡೆ, ಯಂತ್ರ, ಪೈಪು, ಡ್ರಮ್ಮು ಎಲ್ಲ ಸಲೀಸಾಗಿ ಎದ್ದು ನಿಲ್ಲುತ್ತವೆ. ಕೈಕೊಡುವುದು ಈ ಪರದೆ. ಎರಡು ಹೆಜ್ಜೆ ಎಡಕ್ಕೆ ಸರಿದರೆ ಹಿಂದಿನ ಪಟ್ಟಿ ಮುಂದಿನದರ ಮೇಲೆ ಬಂದು ಕೂರುತ್ತದೆ. ಬಲಕ್ಕೆ ಸರಿದರೆ ಪರದೆಯಾಚೆಯ ಹೊಗೆ ಈಚೆಗೆ ಬಂದುಬಿಡುತ್ತದೆ. ಕತ್ತು ತಿರುಗಿಸಿದಾಗೆಲ್ಲ ಗಾಜು, ಬೇಲಿ, ಎಲೆ ಒಂದರೊಡನೊಂದು ಜಾಗ ಬದಲಿಸಿಕೊಂಡು ಮಿಣುಕುತ್ತವೆ.

ಟೆಕ್ಸ್ಚರ್, ಅಂದರೆ ವಸ್ತುವಿನ ಮೈಗೆ ಹೊದಿಸಿದ ಚಿತ್ರ, ಕೆಟ್ಟಿದೆಯೆಂದು ಹೊಸಬರು ಚಿತ್ರವನ್ನೇ ಮತ್ತೆ ಮತ್ತೆ ತಿದ್ದುತ್ತಾರೆ. ಎಷ್ಟು ತಿದ್ದಿದರೂ ಸರಿಹೋಗುವುದಿಲ್ಲ, ಯಾಕೆಂದರೆ ದೋಷ ಚಿತ್ರದಲ್ಲಿಲ್ಲ, ಬರೆಯುವ ಸರದಿಯಲ್ಲಿದೆ.

ಇಷ್ಟು ಸಣ್ಣ ವಿಷಯಕ್ಕೆ ಜೀಡಿಮೆಟ್ಲಾ ಯಾಕೆ ಎಂದು ಕೇಳಬಹುದು. ಹೈದರಾಬಾದಿನ ಉತ್ತರ ತುದಿಯಲ್ಲಿ, ಕುತ್ಬುಲ್ಲಾಪುರದ ಸೆರಗಿನಲ್ಲಿರುವ ಈ ಪ್ರದೇಶದಲ್ಲಿ ಔಷಧ, ರಾಸಾಯನಿಕ, ಪ್ಲಾಸ್ಟಿಕ್, ಎಂಜಿನಿಯರಿಂಗ್ ಘಟಕಗಳು ಒತ್ತೊತ್ತಾಗಿ ನಿಂತಿವೆ. ಬೀದರ್, ಕಲಬುರಗಿಯವರಿಗೆ ಹೈದರಾಬಾದ್ ನಿಜಾಮರ ಕಾಲದಿಂದಲೂ ದುಡಿಮೆಯ ಊರು. ಬೀದರ್ ಕಡೆಯಿಂದ ಅಲ್ಲಿಗೆ ಹೋಗುವಾಗ ಸಂಗಾರೆಡ್ಡಿ ಕಳೆದ ಮೇಲೆ ಪಾಶಮೈಲಾರಂ ಕೈಗಾರಿಕಾ ಪ್ರದೇಶ ಸಿಗುತ್ತದೆ. 2025ರ ಜೂನ್ 30ರಂದು ಅಲ್ಲಿನ ಔಷಧೋದ್ಯಮ ಘಟಕವೊಂದರಲ್ಲಿ ನಡೆದ ಸ್ಫೋಟದಲ್ಲಿ 40ಕ್ಕೂ ಹೆಚ್ಚು ಜೀವಗಳು ಹೋದವು. ಹೊರರಾಜ್ಯಗಳಿಂದ ಬಂದ ಕೂಲಿಕಾರರು ಅವರಲ್ಲಿ ಬಹಳ ಮಂದಿ. ಇಂಥ ಕಡೆ ಬೆಂಕಿ ಬಿದ್ದಾಗ ಯಾವ ಬಾಗಿಲಿಗೆ ಓಡಬೇಕು ಎಂಬ ತಾಲೀಮನ್ನು, ನಿಜವಾದ ಹೊಗೆಯಿಲ್ಲದೆ, ಹೆಡ್‌ಸೆಟ್ ತೊಡಿಸಿ ಕೊಡಬಹುದು. ವರ್ಚುವಲ್ ಜಗತ್ತು ಕಟ್ಟುವ ವಿದ್ಯೆಗೆ ಇದಕ್ಕಿಂತ ಘನವಾದ ಉಪಯೋಗ ನನಗೆ ತೋಚುವುದಿಲ್ಲ. ಆದರೆ ಆ ತಾಲೀಮಿನಲ್ಲಿ ಹೊಗೆ ಎಲ್ಲಿದೆ, ಗಾಜು ಎಲ್ಲಿದೆ, ಬಾಗಿಲು ಎಲ್ಲಿದೆ ಎಂಬುದೇ ಕಲಸಿಹೋದರೆ ಕಲಿತದ್ದೆಲ್ಲ ತಪ್ಪು ಪಾಠವಾಗುತ್ತದೆ. ಹಾಗಾಗಿ ಪಾರದರ್ಶಕ ಟೆಕ್ಸ್ಚರಿನ ಈ ತಕರಾರನ್ನು ಬುಡದಿಂದ ತಿಳಿದುಕೊಳ್ಳಬೇಕು.

ಮೊದಲು ಗಟ್ಟಿ ವಸ್ತುಗಳ ವಿಚಾರ. ತೆರೆಯ ಮೇಲಿನ ಒಂದೊಂದು ಪಿಕ್ಸೆಲ್‌ಗೂ ಕಂಪ್ಯೂಟರ್ ಎರಡು ಲೆಕ್ಕ ಇಟ್ಟುಕೊಳ್ಳುತ್ತದೆ: ಬಣ್ಣ ಯಾವುದು, ಆ ಬಣ್ಣದ ವಸ್ತು ನೋಡುವವನಿಂದ ಎಷ್ಟು ದೂರ. ಹೊಸ ವಸ್ತುವನ್ನು ಬರೆಯುವಾಗ ಅದು ಈಗಾಗಲೇ ಬರೆದದ್ದಕ್ಕಿಂತ ಹತ್ತಿರವಿದ್ದರೆ ಹಳೆಯ ಬಣ್ಣ ಅಳಿಸಿ ಹೊಸದನ್ನು ಹಾಕುತ್ತದೆ, ದೂರವಿದ್ದರೆ ಬಿಟ್ಟುಬಿಡುತ್ತದೆ. ದೂರದ ಈ ಲೆಕ್ಕಕ್ಕೆ ಝಡ್-ಬಫರ್ ಎಂದು ಹೆಸರು. ಮುಂದೆ ಪಿಕ್ಸಾರ್ ಕಟ್ಟಿದವರಲ್ಲೊಬ್ಬರಾದ ಎಡ್ ಕ್ಯಾಟ್ಮಲ್ 1974ರಲ್ಲಿ ಯೂಟಾ ವಿಶ್ವವಿದ್ಯಾಲಯದ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದನ್ನು ವಿವರಿಸಿದರು. ಇದರ ಹೆಚ್ಚುಗಾರಿಕೆ ಎಂದರೆ ಸರದಿಯ ಹಂಗೇ ಇಲ್ಲ. ಡ್ರಮ್ಮನ್ನು ಮೊದಲು ಬರೆದು ಗೋಡೆಯನ್ನು ಆಮೇಲೆ ಬರೆದರೂ, ಅದಲುಬದಲು ಮಾಡಿದರೂ, ಕೊನೆಗೆ ಮೂಡುವ ಚಿತ್ರ ಒಂದೇ.

ಗಾಜು ಬಂದ ಕೂಡಲೇ ಈ ವ್ಯವಸ್ಥೆ ಮುರಿದು ಬೀಳುತ್ತದೆ. ಗಾಜಿನ ಜಾಗದಲ್ಲಿ ಒಂದು ಪಿಕ್ಸೆಲ್‌ನಲ್ಲಿ ಎರಡು ವಸ್ತು ಕಾಣಬೇಕು, ಲೆಕ್ಕದ ಪುಸ್ತಕದಲ್ಲಿ ಜಾಗ ಇರುವುದು ಒಂದಕ್ಕೆ. ಅದಕ್ಕೆಂದು ಕೆಂಪು, ಹಸಿರು, ನೀಲಿಯ ಜೊತೆಗೆ ನಾಲ್ಕನೆಯ ಅಂಕಿಯೊಂದನ್ನು ಸೇರಿಸಿದರು. ಅದೇ ಆಲ್ಫಾ. 1970ರ ದಶಕದ ಕೊನೆಗೆ ನ್ಯೂಯಾರ್ಕಿನಲ್ಲಿ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಇದಕ್ಕೆ ರೂಪ ಕೊಟ್ಟರು. 1984ರಲ್ಲಿ ಥಾಮಸ್ ಪೋರ್ಟರ್, ಟಾಮ್ ಡಫ್ ಇದರ ಗಣಿತವನ್ನು ಕ್ರಮಬದ್ಧವಾಗಿ ಬರೆದಿಟ್ಟರು. ಆಲ್ಫಾ 0 ಎಂದರೆ ಏನೂ ಇಲ್ಲ, 255 ಎಂದರೆ ಪೂರಾ ಗಟ್ಟಿ, ನಡುವೆ ಇದ್ದರೆ ಮುಂದಿನ ಬಣ್ಣದಲ್ಲಿ ಅಷ್ಟು ಪಾಲು, ಹಿಂದಿನದರಲ್ಲಿ ಉಳಿದ ಪಾಲು ಬೆರೆಸಬೇಕು.

ಬೆರೆಸುವಾಗ ಸರದಿ ತಪ್ಪಿದರೆ ಏನಾಗುತ್ತದೆಂದು ಅಂಕಿಯಲ್ಲೇ ನೋಡಬಹುದು. ಬಿಳಿ ಗೋಡೆ, ಅದರ ಮುಂದೆ ಅರ್ಧ ಪಾರದರ್ಶಕವಾದ ಕೆಂಪು ಹಾಳೆ, ಅದಕ್ಕೂ ಮುಂದೆ ಅಂಥದೇ ನೀಲಿ ಹಾಳೆ. ಬಿಳಿಯ ಮೇಲೆ ಕೆಂಪು ಬೆರೆತಾಗ 255, 128, 128. ಅದರ ಮೇಲೆ ನೀಲಿ ಬೆರೆತರೆ 128, 64, 192, ಅಂದರೆ ನೀಲಿಗೆ ವಾಲಿದ ನೇರಳೆ. ಇದು ಸರಿಯಾದ ಉತ್ತರ. ಕಂಪ್ಯೂಟರ್ ನೀಲಿಯನ್ನು ಮೊದಲು ಬರೆದು ಆಮೇಲೆ ಕೆಂಪನ್ನು ಬರೆದರೆ ಬರುವುದು 192, 64, 128. ಗಾಢ ಗುಲಾಬಿ. ಎರಡೂ ಹಾಳೆ ಇದ್ದಲ್ಲೇ ಇವೆ, ಬಣ್ಣ ಮಾತ್ರ ಬೇರೆ. ನಡೆಯುವಾಗ ಈ ಸರದಿ ಕ್ಷಣಕ್ಷಣಕ್ಕೂ ಬದಲಾದರೆ ಅದೇ ಮಿಣುಕಾಗಿ ಕಾಣುತ್ತದೆ.

ಹಾಗಾದರೆ ಸರಿಯಾಗಿ ಜೋಡಿಸಿಕೊಂಡು ದೂರದ್ದನ್ನು ಮೊದಲು, ಹತ್ತಿರದ್ದನ್ನು ಆಮೇಲೆ ಬರೆಯಬಾರದೇ? ಎಲ್ಲ ತಂತ್ರಾಂಶಗಳೂ ಅದಕ್ಕೇ ಹೆಣಗುತ್ತವೆ. ಆದರೆ ಒಂದೊಂದು ಪಿಕ್ಸೆಲ್ ಲೆಕ್ಕದಲ್ಲಿ ಜೋಡಿಸುವಷ್ಟು ಪುರುಸೊತ್ತು ಇಲ್ಲದ್ದರಿಂದ ವಸ್ತುವಿನ ಲೆಕ್ಕದಲ್ಲಿ ಜೋಡಿಸುತ್ತವೆ. ಅದರ ನಡುಬಿಂದು ನೋಡುವವನಿಂದ ಎಷ್ಟು ದೂರವೋ ಅದೇ ಇಡೀ ವಸ್ತುವಿನ ದೂರ. ಎಡವಟ್ಟು ಆಗುವುದು ಇಲ್ಲೇ. ಕಾರ್ಖಾನೆಯ ಉದ್ದಕ್ಕೂ 30 ಮೀಟರ್ ಗಾಜಿನ ಗೋಡೆ ಇದೆ ಎನ್ನೋಣ. ನೀವು ಅದರ ಒಂದು ತುದಿಯಲ್ಲಿ ಗಾಜಿಗೆ ಮೂಗು ತಾಗಿಸಿ ನಿಂತಿದ್ದೀರಿ. ಗೋಡೆಯ ನಡುಬಿಂದು ನಿಮ್ಮಿಂದ 15 ಮೀಟರ್ ಆಚೆ. ಗಾಜಿನಾಚೆ ಎರಡು ಮೀಟರ್ ದೂರದಲ್ಲಿ ಪಾಲಿಥಿನ್ ಸುತ್ತಿದ ಪೆಟ್ಟಿಗೆ. ತಂತ್ರಾಂಶದ ಪ್ರಕಾರ ಗಾಜೇ ದೂರ, ಪೆಟ್ಟಿಗೆಯೇ ಹತ್ತಿರ. ಹೀಗಾಗಿ ಪಾಲಿಥಿನ್ ಗಾಜನ್ನು ತೂರಿ ಈಚೆ ಬಂದಂತೆ ಕಾಣುತ್ತದೆ. ಎರಡು ಎಲೆಚಿತ್ರಗಳನ್ನು ಅಡ್ಡಡ್ಡ ಸಿಕ್ಕಿಸಿ ಮಾಡಿದ ಗಿಡದಲ್ಲಂತೂ ಅರ್ಧ ಭಾಗದಲ್ಲಿ ಇದು ಮುಂದೆ, ಇನ್ನರ್ಧದಲ್ಲಿ ಅದು ಮುಂದೆ. ಯಾವುದನ್ನು ಮೊದಲು ಬರೆದರೂ ತಪ್ಪೇ.

ಈ ಕಷ್ಟವನ್ನು ಚೆನ್ನಾಗಿ ಉಂಡವರು ಸೆಕೆಂಡ್ ಲೈಫ್ ಎಂಬ ವರ್ಚುವಲ್ ಜಗತ್ತಿನಲ್ಲಿ ಮನೆ, ತೋಟ, ಅಂಗಡಿ ಕಟ್ಟಿದ ಸಾಮಾನ್ಯ ಜನ. ಅಮೆರಿಕದ ಲಿಂಡೆನ್ ಲ್ಯಾಬ್ 2003ರಲ್ಲಿ ಇದನ್ನು ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ಕಾಣುವುದೆಲ್ಲ ಹೆಚ್ಚುಕಡಿಮೆ ಬಳಕೆದಾರರೇ ಕಟ್ಟಿದ್ದು. ಆಟದ ಕಂಪನಿಯವರಾದರೆ ಒಳಗಿನ ತಂತ್ರಾಂಶವನ್ನೇ ತಮಗೆ ಬೇಕಾದಂತೆ ತಿದ್ದಿಕೊಳ್ಳುತ್ತಾರೆ. ಇವರಿಗೆ ಆ ಅಧಿಕಾರ ಇರಲಿಲ್ಲ, ಕೈಯಲ್ಲಿದ್ದದ್ದು ಚಿತ್ರ ಮತ್ತು ಆಕಾರ ಎರಡೇ. ಅಷ್ಟರಲ್ಲೇ ಅವರು ಹುಡುಕಿಕೊಂಡ ಉಪಾಯಗಳು ಇವತ್ತಿಗೂ ಯಾವ ವೇದಿಕೆಯಲ್ಲಿ ಕಟ್ಟುವವರಿಗೂ ಪಾಠವಾಗಿವೆ.

ಅವುಗಳಲ್ಲಿ ನಾನು ಮೊದಲ ಜಾಗ ಕೊಡುವುದು ಒಂದು ಪ್ರಶ್ನೆಗೆ: ಇಲ್ಲಿ ನಿಜವಾಗಿ ಪಾರದರ್ಶಕತೆ ಬೇಕೇ, ಇಲ್ಲವೇ ಬರೀ ತೂತು ಸಾಕೇ?

ಕಾರ್ಖಾನೆಯ ಸುತ್ತಲಿನ ತಂತಿಬಲೆಯ ಬೇಲಿ ನೋಡಿ. ತಂತಿ ಇರುವಲ್ಲಿ ಪೂರಾ ಗಟ್ಟಿ, ಇಲ್ಲದಲ್ಲಿ ಪೂರಾ ಖಾಲಿ. ಅರ್ಧಂಬರ್ಧ ಎಂಬುದೇ ಇಲ್ಲ. ಹೊಂಗೆ ಎಲೆ, ಬೇವಿನ ಎಲೆ, ಮೆಟ್ಟಿಲಿನ ಕಬ್ಬಿಣದ ಜಾಲರಿ, ಎಕ್ಸಾಸ್ಟ್ ಫ್ಯಾನಿನ ಕಂಡಿ ಎಲ್ಲವೂ ಹೀಗೇ. ಬೇಲೂರಿನ ಚೆನ್ನಕೇಶವ ದೇವಾಲಯದ ಜಾಲಂಧ್ರಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದಾದರೂ ಅಷ್ಟೇ. ಕಲ್ಲು ಕಲ್ಲೇ, ಕಿಂಡಿ ಕಿಂಡಿಯೇ. ಇಂಥವಕ್ಕೆ ಬಣ್ಣ ಬೆರೆಸುವ ಬ್ಲೆಂಡಿಂಗ್ ಬೇಡ, ಕತ್ತರಿಸಿ ತೆಗೆಯುವ ಮಾಸ್ಕಿಂಗ್ ಸಾಕು. ಒಂದು ಮಿತಿ ಗೊತ್ತುಮಾಡುತ್ತೇವೆ, 128 ಎನ್ನೋಣ. ಆಲ್ಫಾ ಅದಕ್ಕಿಂತ ಕಡಿಮೆ ಇರುವ ಪಿಕ್ಸೆಲ್ಲನ್ನು ಕಂಪ್ಯೂಟರ್ ಬರೆಯುವುದೇ ಇಲ್ಲ, ಉಳಿದದ್ದನ್ನು ಗಟ್ಟಿ ವಸ್ತುವಿನಂತೆ ಝಡ್-ಬಫರಿನ ಲೆಕ್ಕದಲ್ಲಿ ಬರೆಯುತ್ತದೆ. ಗಟ್ಟಿಯ ಪಂಗಡಕ್ಕೆ ಸೇರಿದ ಮೇಲೆ ಸರದಿಯ ಚಿಂತೆ ಇಲ್ಲ. ಅಡ್ಡಡ್ಡ ಸಿಕ್ಕಿಸಿದ ಎಲೆಗಳೂ ತಕರಾರಿಲ್ಲದೆ ಕೂರುತ್ತವೆ. ಸೆಕೆಂಡ್ ಲೈಫ್‌ನಲ್ಲಿ ಈ ಆಯ್ಕೆ 2013ರಲ್ಲಿ ಬಂತು. ಇಂದು ಮೂರು ಆಯಾಮದ ಮಾದರಿಗಳನ್ನು ಹಂಚಿಕೊಳ್ಳಲು ಎಲ್ಲೆಡೆ ಬಳಸುವ ಜಿಎಲ್‌ಟಿಎಫ್ ಮಾದರಿಯಲ್ಲೂ ಗಟ್ಟಿ, ಮಾಸ್ಕ್, ಬ್ಲೆಂಡ್ ಎಂಬ ಮೂರೇ ಬಗೆ. ಮಾಸ್ಕಿಗೆ ಬೇರೆ ಮಿತಿ ಹೇಳದಿದ್ದರೆ 0.5, ಅಂದರೆ ಅರ್ಧ, ಎಂದು ಹಿಡಿಯುತ್ತದೆ.

ಇದಕ್ಕೂ ಮುಂಚಿನ, ಇನ್ನೂ ಸುಲಭದ ತಪಾಸಣೆಯೊಂದಿದೆ. ಏನೂ ತೂತಿಲ್ಲದ ಇಟ್ಟಿಗೆ ಗೋಡೆಯ ಚಿತ್ರವನ್ನು ಅಭ್ಯಾಸಬಲದಿಂದ ಆಲ್ಫಾ ಸಹಿತ 32 ಬಿಟ್‌ನಲ್ಲಿ ಉಳಿಸಿರುತ್ತೇವೆ. ಆಲ್ಫಾ ಎಲ್ಲ ಕಡೆ 255 ಆಗಿದ್ದರೂ, ನಾಲ್ಕನೆಯ ಅಂಕಿ ಇದೆ ಎಂಬ ಒಂದೇ ಕಾರಣಕ್ಕೆ ತಂತ್ರಾಂಶ ಆ ಗೋಡೆಯನ್ನು ಗಾಜಿನ ಸಾಲಿಗೆ ಸೇರಿಸಿಬಿಡಬಹುದು. ಆಗ ಗಟ್ಟಿ ಗೋಡೆಯೇ ಗಾಜಿನೊಡನೆ ಜಾಗಕ್ಕೆ ಜಗಳ ತೆಗೆಯುತ್ತದೆ. ಅದನ್ನು 24 ಬಿಟ್‌ನಲ್ಲಿ ಉಳಿಸಿದರೆ ಮುಗಿಯಿತು. ಸೆಕೆಂಡ್ ಲೈಫ್‌ನಲ್ಲಿ ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಪಾರದರ್ಶಕ ಎಂದು ಎಣಿಕೆಯಾದದ್ದೆಲ್ಲ ಕೆಂಪಾಗಿ ಕಾಣುತ್ತದೆ. ಕೆಂಪಾಗಬಾರದ ಗೋಡೆ, ಕಂಬ ಕೆಂಪಾಗಿದ್ದರೆ ಕಳ್ಳ ಸಿಕ್ಕಿದಂತೆ.

ಮಾಸ್ಕಿಂಗ್‌ಗೂ ತನ್ನದೇ ಎರಡು ಕಾಟಗಳಿವೆ. ಹತ್ತಿರದಿಂದ ದಟ್ಟವಾಗಿದ್ದ ಮರ ದೂರ ಹೋದಂತೆ ಬೋಳಾಗುತ್ತದೆ, ತಂತಿಬೇಲಿ ಮಾಯವೇ ಆಗುತ್ತದೆ. ದೂರದ ವಸ್ತುವಿಗೆ ಕಂಪ್ಯೂಟರ್ ಚಿತ್ರದ ಕುಗ್ಗಿಸಿದ ಪ್ರತಿ ಬಳಸುವುದು ಇದಕ್ಕೆ ಕಾರಣ. ನಾಲ್ಕು ಪಿಕ್ಸೆಲ್ ಸೇರಿ ಒಂದಾಗುವಾಗ ಒಂದರಲ್ಲಿ ತಂತಿ, ಮೂರರಲ್ಲಿ ಖಾಲಿ ಇದ್ದರೆ ಆಲ್ಫಾದ ಸರಾಸರಿ 64ರ ಆಸುಪಾಸು ಬರುತ್ತದೆ. 128ರ ಮಿತಿ ಅದನ್ನು ಕತ್ತರಿಸಿ ಎಸೆಯುತ್ತದೆ. ಮಿತಿಯನ್ನು ತಗ್ಗಿಸುವುದು ಒಂದು ದಾರಿ. ಕುಗ್ಗಿದ ಪ್ರತಿಗಳಲ್ಲಿ ಆಲ್ಫಾವನ್ನು ಲೆಕ್ಕ ಹಾಕಿ ಹಿಗ್ಗಿಸಿ, ಮೂಲದಲ್ಲಿ ಎಷ್ಟು ಪಾಲು ತುಂಬಿತ್ತೋ ಅಷ್ಟನ್ನೇ ಉಳಿಸುವುದು ಇನ್ನೂ ಒಳ್ಳೆಯ ದಾರಿ. ಎರಡನೆಯ ಕಾಟ ಎಲೆಯ ಅಂಚಿಗೆ ಬಿಳಿ ಗೆರೆ ಕಾಣುವುದು. ಎಲೆಯ ಸುತ್ತಲಿನ ಕಾಣದ ಪಿಕ್ಸೆಲ್‌ಗಳಿಗೂ ಒಂದು ಬಣ್ಣ ಇದ್ದೇ ಇರುತ್ತದೆ, ಸಾಮಾನ್ಯವಾಗಿ ಬಿಳಿ. ಅಂಚನ್ನು ನಯಗೊಳಿಸುವಾಗ ಆ ಬಿಳಿ ಒಳಕ್ಕೆ ಸೋರುತ್ತದೆ. ಗಿಂಪ್‌ನಂಥ ಚಿತ್ರ ತಂತ್ರಾಂಶದಲ್ಲಿ ಎಲೆಯ ಹಸಿರನ್ನೇ ಸುತ್ತಲೂ ಹರಡಿ, ಆಲ್ಫಾವನ್ನು ಮಾತ್ರ ಇದ್ದಂತೆ ಇಟ್ಟರೆ ಗೆರೆ ಹೋಗುತ್ತದೆ.

ಈಗ ನಿಜವಾಗಿ ಅರೆಪಾರದರ್ಶಕವಾದ ಪಿವಿಸಿ ಪರದೆಗೆ ಬರೋಣ. ಇಲ್ಲಿ ತೂತಿನ ಉಪಾಯ ನಡೆಯುವುದಿಲ್ಲ. ಹತ್ತು ಪಟ್ಟಿಗಳನ್ನು ಹತ್ತು ವಸ್ತುಗಳಾಗಿ ಬಿಟ್ಟರೆ ಅವುಗಳ ನಡುಬಿಂದುಗಳು ಹೆಚ್ಚುಕಡಿಮೆ ಒಂದೇ ದೂರದಲ್ಲಿದ್ದು, ತಲೆ ಒಂದಿಂಚು ಅಲ್ಲಾಡಿದರೂ ಸರದಿ ಬದಲಾಗುತ್ತದೆ. ಹಾಗಾಗಿ ಪಟ್ಟಿಗಳನ್ನೆಲ್ಲ ಸೇರಿಸಿ ಒಂದೇ ಮೆಶ್, ಅಂದರೆ ತ್ರಿಕೋನಗಳ ಒಂದೇ ಬಲೆ, ಮಾಡಬೇಕು. ಒಂದು ಮೆಶ್‌ನೊಳಗಿನ ತ್ರಿಕೋನಗಳನ್ನು ಕಂಪ್ಯೂಟರ್ ಸಾಮಾನ್ಯವಾಗಿ ನಾವು ಕೊಟ್ಟ ಕ್ರಮದಲ್ಲೇ ಬರೆಯುತ್ತದೆ, ಮತ್ತೆ ಜೋಡಿಸಲು ಹೋಗುವುದಿಲ್ಲ. ಅಂದಮೇಲೆ ಕ್ರಮವನ್ನು ನಾವೇ ಗೊತ್ತುಮಾಡಬಹುದು. ಆದರೆ ಹೊರಗಿನಿಂದ ನೋಡುವವನಿಗೆ ಸರಿಯಾದ ಕ್ರಮ ಒಳಗಿನಿಂದ ನೋಡುವವನಿಗೆ ತಿರುಗುಮುರುಗು. ಅದಕ್ಕೆ ಪರದೆಯ ಎರಡು ಪ್ರತಿ ಮಾಡಿ, ಒಂದರ ಮುಖ ಹೊರಕ್ಕೆ, ಇನ್ನೊಂದರ ಮುಖ ಒಳಕ್ಕೆ ತಿರುಗಿಸಿ, ಒಂದೊಂದಕ್ಕೂ ಅದರದರ ಕ್ರಮ ಕೊಡಬೇಕು. ಬೆನ್ನು ತಿರುಗಿಸಿದ ಮುಖಗಳನ್ನು ಬರೆಯದಿರುವ ಏರ್ಪಾಡು ಎಲ್ಲ ವೇದಿಕೆಗಳಲ್ಲೂ ಇರುವುದರಿಂದ ಯಾವ ಕಡೆ ನಿಂತರೂ ಒಂದೇ ಪ್ರತಿ ಕಾಣುತ್ತದೆ, ಅದೂ ಸರಿಯಾದ ಸರದಿಯಲ್ಲಿ. ಪರದೆ ಬಾಗಿಲಿಗೆ ನೇತುಬಿದ್ದ ವಸ್ತು, ಅದನ್ನು ಜನ ನೋಡುವುದು ಎರಡೇ ಕಡೆಯಿಂದ, ಆದ್ದರಿಂದ ಈ ಯುಕ್ತಿ ಸಾಗುತ್ತದೆ. ಸುತ್ತಲೂ ನಡೆದು ನೋಡುವ ಗಾಜಿನ ಟ್ಯಾಂಕಿಗೆ ಇಷ್ಟು ಸಾಲದು. ಉದ್ದನೆಯ ಗಾಜಿನ ಗೋಡೆಗೆ ತದ್ವಿರುದ್ಧ ಮದ್ದು: ಅದನ್ನು ಮೂರು ನಾಲ್ಕು ಮೀಟರಿನ ತುಂಡುಗಳಾಗಿ ಒಡೆದರೆ ಪ್ರತಿ ತುಂಡಿನ ನಡುಬಿಂದುವೂ ಆ ತುಂಡಿನ ಎಲ್ಲ ಭಾಗಕ್ಕೂ ಹತ್ತಿರವೇ ಇರುತ್ತದೆ.

ಇದುವರೆಗೆ ನೋಡಿದ ಆಲ್ಫಾ ಬೆರಕೆ ಒಂದರ ಮೇಲೊಂದು ಮುಚ್ಚುವ ಬೆರಕೆ, ಹಾಗಾಗಿ ಅದಕ್ಕೆ ಸರದಿ ಬೇಕು. ಬೆಳಕು ಎಲ್ಲ ಕಡೆಯೂ ಹಾಗೇ ವರ್ತಿಸುವುದಿಲ್ಲ. ಬಳ್ಳಾರಿ ಸೀಮೆಯ ತೊಗಲುಗೊಂಬೆ ಆಟದಲ್ಲಿ ಬಣ್ಣ ಹಾಕಿದ ತೊಗಲಿನ ಹಿಂದೆ ದೀಪವಿರುತ್ತದೆ. ಕೆಂಪು ತೊಗಲಿನ ಮೇಲೆ ಹಳದಿ ತೊಗಲು ಬಂದರೆ ಪರದೆಯ ಮೇಲೆ ಮೂಡುವ ಬಣ್ಣ, ಯಾವುದು ದೀಪಕ್ಕೆ ಹತ್ತಿರ ಎಂಬುದರ ಮೇಲೆ ನಿಂತಿಲ್ಲ. ಒಂದೊಂದು ತೊಗಲೂ ಬೆಳಕಿನಲ್ಲಿ ತನ್ನ ಪಾಲನ್ನು ಹೀರಿ ಉಳಿದದ್ದನ್ನು ಬಿಡುತ್ತದೆ. ಇದು ಗುಣಾಕಾರ, ಮೂರನ್ನು ಐದರಿಂದ ಗುಣಿಸಿದರೂ ಐದನ್ನು ಮೂರರಿಂದ ಗುಣಿಸಿದರೂ ಹದಿನೈದೇ. ಪಿವಿಸಿ ಪಟ್ಟಿಯೂ, ಬಣ್ಣದ ಗಾಜೂ ನಿಜಕ್ಕೆ ಹೀಗೇ ಬೆಳಕನ್ನು ಹೀರುವ ವಸ್ತುಗಳು. ಯೂನಿಟಿ, ಅನ್‌ರಿಯಲ್‌ನಂಥ ವೇದಿಕೆಗಳಲ್ಲಿ ಕಟ್ಟುವವರು ಅವಕ್ಕೆ ಗುಣಾಕಾರದ ಬೆರಕೆ ಕೊಟ್ಟರೆ ತಮ್ಮತಮ್ಮೊಳಗಿನ ಸರದಿಯ ಜಗಳ ತಾನೇ ತೀರುತ್ತದೆ, ನಿಜಕ್ಕೂ ಹತ್ತಿರವಾಗುತ್ತದೆ. ಬೆಂಕಿಯ ಜ್ವಾಲೆ, ಕಿಡಿ, ವೆಲ್ಡಿಂಗಿನ ಬೆಳಕಿಗೆ ಸಂಕಲನದ ಬೆರಕೆ ಸಾಕು, ಅವು ಇರುವ ಬೆಳಕಿಗೆ ಬೆಳಕು ಸೇರಿಸುತ್ತವೆ ಅಷ್ಟೆ, ಸರದಿ ಅಲ್ಲೂ ಬೇಡ. ಇಷ್ಟು ಸರಳವಾದ ಮಾತನ್ನು ಪಾಠ ಹೇಳುವವರು ಒತ್ತಿ ಹೇಳುವುದಿಲ್ಲವೆಂಬ ಕೊರಗು ನನಗಿದೆ. ಬ್ಲೆಂಡ್ ಎಂದರೆ ಒಂದೇ ಬಗೆ ಎಂದು ತಿಳಿದು ಹುಡುಗರು ವಾರಗಟ್ಟಲೆ ಒದ್ದಾಡುತ್ತಾರೆ.

ಸರದಿಯನ್ನು ಬಿಡಲಾಗದೆ ಉಳಿಯುವುದು ಹೊಗೆ. ಹೊಗೆ ಬೆಳಕನ್ನು ತಡೆಯುತ್ತದೆ, ತಾನೂ ಬೂದುಬಣ್ಣವಾಗಿ ಕಾಣುತ್ತದೆ. ಪದರ ಪದರವಾಗಿ ಸುಲಿದು ಬರೆಯುವ ಡೆಪ್ತ್ ಪೀಲಿಂಗ್ ಎಂಬ ವಿಧಾನವನ್ನು ಎನ್‌ವಿಡಿಯಾದ ಕ್ಯಾಸ್ ಎವೆರಿಟ್ 2001ರಲ್ಲಿ ತೋರಿಸಿದರು. ಉತ್ತರ ಕರಾರುವಾಕ್ಕು, ಆದರೆ ಎಷ್ಟು ಪದರವೋ ಅಷ್ಟು ಸಲ ಇಡೀ ದೃಶ್ಯವನ್ನು ಬರೆಯಬೇಕು. 2013ರಲ್ಲಿ ಮೋರ್ಗನ್ ಮೆಕ್‌ಗ್ವಾಯರ್, ಲೂಯಿ ಬವೊಯಿಲ್ ದೂರಕ್ಕೆ ತಕ್ಕ ತೂಕ ಕೊಟ್ಟು ಎಲ್ಲವನ್ನೂ ಒಂದೇ ಸಲಕ್ಕೆ ಕೂಡಿಸುವ ಅಂದಾಜು ಲೆಕ್ಕ ಕೊಟ್ಟರು. ಹೊಗೆ, ಮಂಜಿಗೆ ಅದು ಚೆನ್ನಾಗಿ ಹೊಂದುತ್ತದೆ. ಮೊಬೈಲ್ ಮಟ್ಟದ ಚಿಪ್ ಇರುವ ಹೆಡ್‌ಸೆಟ್‌ನಲ್ಲಿ ಇವೆಲ್ಲ ಭಾರವೆನಿಸಿದರೆ ಹಳೆಯ ಉಪಾಯವೊಂದಿದೆ: ಅರ್ಧ ಪಾರದರ್ಶಕ ಬೇಕೆಂದರೆ ಪಿಕ್ಸೆಲ್‌ಗಳನ್ನು ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು ಬರೆಯುವುದು. ಬರೆದ ಪ್ರತಿಯೊಂದು ಪಿಕ್ಸೆಲ್ಲೂ ಗಟ್ಟಿ, ಹಾಗಾಗಿ ಝಡ್-ಬಫರೇ ಎಲ್ಲವನ್ನೂ ನೋಡಿಕೊಳ್ಳುತ್ತದೆ. ತುಸು ಕಾಳುಕಾಳಾಗಿ ಕಂಡರೂ ತಾಲೀಮಿಗೆ ಅಡ್ಡಿಯಿಲ್ಲ. ಚೆಂದಕ್ಕಿಂತ ನಿಜವಾದ ಹಿಂದುಮುಂದು ಇಲ್ಲಿ ಮುಖ್ಯ.

ಹೊಗೆಯ ಪದರಗಳನ್ನು ಕಡಿಮೆ ಇಡುವುದೂ ಅಗತ್ಯ. ಒಂದೇ ಪಿಕ್ಸೆಲ್ಲನ್ನು ಇಪ್ಪತ್ತು ಸಲ ಬೆರೆಸಿದರೆ ಹೆಡ್‌ಸೆಟ್ ತಡವರಿಸುತ್ತದೆ, ತೊಟ್ಟವರಿಗೆ ತಲೆಸುತ್ತು ಬರುತ್ತದೆ. ದೊಡ್ಡ ಹೊಗೆಪದರ ಐದಾರು ಇದ್ದರೆ ಸಾಕು, ಉಳಿದದ್ದನ್ನು ದೂರಕ್ಕೆ ತಕ್ಕಂತೆ ಬಣ್ಣ ಮಸುಕಾಗಿಸುವ ಫಾಗ್ ಲೆಕ್ಕ ಮಾಡಿಕೊಡುತ್ತದೆ. ಆದರೆ ಈ ಫಾಗ್ ಪಾರದರ್ಶಕ ವಸ್ತುಗಳಿಗೂ ತಗಲುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಬಣ್ಣದ ಲೆಕ್ಕ ಹಾಕುವ ಕೆಲವು ಶೇಡರ್‌ಗಳಲ್ಲಿ ಗೋಡೆ ಮಸುಕಾಗಿ ಗಾಜು ಮಾತ್ರ ಹೊಳೆಯುತ್ತ ಉಳಿದುಬಿಡುತ್ತದೆ.

ಕೊನೆಯದಾಗಿ ಹೊರದಾರಿಯ ಫಲಕ. ನಿಜವಾದ ಫಲಕದಲ್ಲಿ ಅಕ್ರಿಲಿಕ್ ಹಾಳೆಯ ಮೇಲೆ ಅಕ್ಷರ ಕೂತಿರುತ್ತದೆ. ಅದನ್ನು ನೋಡಿ ವರ್ಚುವಲ್ ಫಲಕಕ್ಕೂ ಆಲ್ಫಾ ಕೊಡುವ ಆಸೆ ಹುಟ್ಟುತ್ತದೆ. ಕೊಡಬಾರದು. ಹಸಿರು ಹಿನ್ನೆಲೆ, ಬಿಳಿ ಬಾಣ, ತೆಲುಗು, ಹಿಂದಿ, ಒಡಿಯಾ, ಕನ್ನಡ ಎಂದು ಅಲ್ಲಿ ದುಡಿಯುವವರು ಓದುವ ಅಕ್ಷರ, ಎಲ್ಲವನ್ನೂ ಒಂದೇ ಗಟ್ಟಿ ಚಿತ್ರದಲ್ಲಿ ಬರೆದು 24 ಬಿಟ್‌ನಲ್ಲಿ ಉಳಿಸಬೇಕು. ಆಲ್ಫಾ ಇರುವ ಫಲಕ ಸರದಿ ತಪ್ಪಿ ಹೊಗೆಯ ಹಿಂದೆ ಪೂರಾ ಮರೆಯಾದರೆ ಕಟ್ಟುವವರ ಕಣ್ಣಿಗೆ ಆ ತಪ್ಪು ಬಿದ್ದೇ ಬೀಳುತ್ತದೆ, ತಿದ್ದುತ್ತಾರೆ. ಇದರ ತಿರುಗುಮುರುಗಾದರೆ ಯಾರಿಗೂ ಗೊತ್ತಾಗುವುದಿಲ್ಲ: ಫಲಕ ಹೊಗೆಗಿಂತ ಮುಂದೆ ನೆಗೆದು, ಕಪ್ಪು ಹೊಗೆಯ ನಡುವೆಯೂ ಥಳಥಳ ಕಾಣುತ್ತದೆ. ಚೆನ್ನಾಗಿ ಕಾಣುತ್ತಿದೆ ಎಂದು ಎಲ್ಲರೂ ಒಪ್ಪಿಬಿಡುತ್ತಾರೆ. ಆ ತಾಲೀಮು ಮುಗಿಸಿದವನು ನಿಜವಾದ ಹೊಗೆಯಲ್ಲೂ ತಲೆ ಎತ್ತಿ ಬಾಗಿಲ ಮೇಲಿನ ಫಲಕವನ್ನು ಹುಡುಕುತ್ತ ನಿಲ್ಲುತ್ತಾನೆ, ಬಗ್ಗಿ ನೆಲದ ಹತ್ತಿರದ ದಾರಿ ತೋರುವ ಗೆರೆ ನೋಡಿಕೊಂಡು ಸಾಗಬೇಕಾದ ಹೊತ್ತಿನಲ್ಲಿ. ಆದ್ದರಿಂದ ಶೆಡ್ಡಿನ ಪರೀಕ್ಷೆ ಆರಂಭವಾಗಬೇಕಾದದ್ದು ಈ ಫಲಕದಿಂದ: ಹೊಗೆ ತುಂಬಿಸಿ, ನಾಲ್ಕೂ ಮೂಲೆಯಿಂದ ನಡೆದು ಬಂದು, ಅದು ಮಸುಕಾಗಬೇಕಾದಲ್ಲಿ ಮಸುಕಾಗುತ್ತಿದೆಯೇ ಎಂದು ನೋಡಬೇಕು.